ಉರಿಮೂತ್ರ: ಹೇಳಿಕೊಳ್ಳಲು ನಾಚುವ ಕಾಯಿಲೆ

ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನವೆಂದರೂ ದೀರ್ಘ ಪಯಣವೇ. ಸ್ಕೋಫೀಲ್ಡ್ಸ್‌ನಲ್ಲಿರುವ ಮಗನ ಮನೆಗೆ ಬಂದ ತಾಯಿಯೊಬ್ಬರು, ಪಕ್ಕದವರನ್ನು ಪದೇ ಪದೇ ಎಬ್ಬಿಸಬೇಕಾದೀತೆಂದು ದಾರಿಯುದ್ದಕ್ಕೂ ಸರಿಯಾಗಿ ನೀರು ಕುಡಿದಿರಲಿಲ್ಲ. ಮೂರನೆಯ ದಿನ ಉರಿ ಆರಂಭವಾಯಿತು. ಸೊಸೆಗೆ ಹೇಳಲು ಸಂಕೋಚ. ಮಗನಿಗಂತೂ ಹೇಳುವ ಮಾತೇ ಇಲ್ಲ. ಮೆಡಿಕೇರ್ ಇಲ್ಲದ ತನ್ನಿಂದ ಮಕ್ಕಳಿಗೆ ಖರ್ಚೆಂಬ ಅಳುಕು ಬೇರೆ. ಬಾರ್ಲಿ ನೀರು ಕಾಯಿಸಿಕೊಂಡು, ಊರಿನಿಂದ ತಂದಿದ್ದ ಎರಡು ಸಿಪ್ರೊಫ್ಲಾಕ್ಸಸಿನ್ ಮಾತ್ರೆ ನುಂಗಿ ಸುಮ್ಮನಿದ್ದರು. ನನ್ನ ಬಳಿ ಬಂದಾಗ ಚಳಿಜ್ವರ, ವಾಂತಿ, ಪಕ್ಕೆಯ ಹಿಂಬದಿಯಲ್ಲಿ ನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು, ಆಸ್ಪತ್ರೆಗೆ ಸೇರಿಸಬೇಕಾಯಿತು.

ಈ ಸೋಂಕಿಗೆ ಬಹುಪಾಲು ಕಾರಣ ನಮ್ಮ ಕರುಳಿನಲ್ಲಿಯೇ ನಿರುಪದ್ರವಿಯಾಗಿ ಬಾಳುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂ.ಮೀ., ಗಂಡಿನದು ಸುಮಾರು 20 ಸೆಂ.ಮೀ. ಮೂತ್ರಕೋಶ ತಲುಪಲು ಹೆಣ್ಣಿನಲ್ಲಿ ಅದಕ್ಕೆ ದಾರಿ ಹತ್ತಿರ, ಅಷ್ಟೆ. ಇದರಲ್ಲಿ ನಾಚಬೇಕಾದದ್ದೇನೂ ಇಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗಿ, ಯೋನಿಯಲ್ಲಿ ಕಾವಲಿದ್ದ ಲ್ಯಾಕ್ಟೋಬ್ಯಾಸಿಲಸ್‌ಗಳು ಕಡಿಮೆಯಾಗುತ್ತವೆ. ಸೋಂಕು ಮರುಕಳಿಸುತ್ತಿದ್ದರೆ ಅಲ್ಲಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಒಳ್ಳೆಯ ಉಪಾಯ. ನಮ್ಮ ಹೆಂಗಸರಲ್ಲಿ ಇದನ್ನು ಕೇಳಿ ಪಡೆದವರನ್ನು ನಾನು ಕಂಡದ್ದು ವಿರಳ.

ಬಾರ್ಲಿ ನೀರು ತಪ್ಪಲ್ಲ. ನೀರು ಕಡಿಮೆ ಕುಡಿಯುವ, ಪದೇ ಪದೇ ಸೋಂಕಾಗುವ ಮಹಿಳೆಯರು ದಿನಕ್ಕೆ 1.5 ಲೀಟರ್ ಹೆಚ್ಚು ಕುಡಿದಾಗ ಸೋಂಕು ಸರಿಸುಮಾರು ಅರ್ಧಕ್ಕಿಳಿದುದನ್ನು 2018ರ ಒಂದು ಅಧ್ಯಯನ ತೋರಿಸಿತು. ಆದರೆ ಅದು ತಡೆಗೆ; ಏರಿದ ಸೋಂಕಿಗೆ ಮದ್ದಲ್ಲ.

ತಪ್ಪಿದ್ದು ಮಾತ್ರೆಯಲ್ಲಿ. ಭಾರತದಲ್ಲಿ ಇ. ಕೋಲೈ ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದಿರುವುದು ಸಾಮಾನ್ಯ. ಇಲ್ಲಿ ಸರಳ ಸೋಂಕಿಗೆ ಮೂರು ದಿನ ಟ್ರೈಮೆಥೊಪ್ರಿಮ್ ಅಥವಾ ಐದು ದಿನ ನೈಟ್ರೊಫ್ಯುರಾಂಟೊಯಿನ್ ಕೊಡುವುದು ವಾಡಿಕೆ. ಇವರಂತೆ ಜ್ವರವಿದ್ದರೆ ಮೂತ್ರದ ಕಲ್ಚರ್ ಆಗಲೇಬೇಕು. ಅರೆಬರೆ ನುಂಗಿದ ಮಾತ್ರೆ ಆ ಪರೀಕ್ಷೆಯನ್ನೂ ಕೆಡಿಸಬಲ್ಲದು. ಈ ತಾಯಿಯ ವರದಿಯಲ್ಲಿ, ಅವರು ನುಂಗಿದ್ದ ಔಷಧಕ್ಕೆ ಬ್ಯಾಕ್ಟೀರಿಯಾ ಜಗ್ಗದೆಂದೇ ಇತ್ತು.

ನ್ಯೂ ಸೌತ್ ವೇಲ್ಸ್‌ನಲ್ಲಿ ಈಗ ಸರಳ ಸೋಂಕಿಗೆ ತರಬೇತಾದ ಫಾರ್ಮಸಿಸ್ಟರೂ ಔಷಧ ಕೊಡಬಲ್ಲರು, ಆದರೆ 18ರಿಂದ 65ರ ಮಹಿಳೆಯರಿಗೆ ಮಾತ್ರ. ಇವರಿಗೆ 68. ಗರ್ಭಿಣಿಯರು, ಗಂಡಸರು, ಮಕ್ಕಳು ಮತ್ತು ಜ್ವರವೋ ಬೆನ್ನುನೋವೋ ವಾಂತಿಯೋ ಇರುವ ಯಾರೇ ಆಗಲಿ ಅಂದೇ ವೈದ್ಯರನ್ನು ಕಾಣಬೇಕು. ವಯಸ್ಸಾದವರಲ್ಲಿ ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧ ಬೇಡ.

ಇನ್ನೊಂದು ಮಾತು. ವೈದ್ಯರ ಕೋಣೆಯಲ್ಲಿ ಮಗನೇ ದುಭಾಷಿಯಾಗಿ ಕುಳಿತರೆ ಇಂಥ ತಾಯಂದಿರು ಬಾಯಿ ಬಿಡುವುದಿಲ್ಲ. ಅಂದು ನಾನು ಆತನನ್ನು ಹೊರಗೆ ಕಳುಹಿಸಿದ ಮೇಲಷ್ಟೇ ಅವರು, "ಉರಿ ಶುರುವಾಗಿ ಐದು ದಿನ ಆಯ್ತು ಡಾಕ್ಟ್ರೇ" ಎಂದರು.