ತೋಟದ ಕೋಣೆಯೂ ನೆರೆಮನೆಯ ಬಿಸಿಲೂ

ಇಂಗ್ಲೆಂಡಿನ ಏಯಟ್ ಸೇಂಟ್ ಲಾರೆನ್ಸ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಷಾ ಅವರು ಬರೆಯಲು ಆರಿಸಿಕೊಂಡುದು ತೋಟದ ಕೊನೆಯ ಪುಟ್ಟ ಮರದ ಕೋಣೆಯನ್ನು. ಬಿಸಿಲು ಬಂದತ್ತ ಅದನ್ನು ತಿರುಗಿಸಿಕೊಳ್ಳಬಹುದಾಗಿತ್ತು. ಅದಕ್ಕೆ ‘ಲಂಡನ್’ ಎಂದೇ ಹೆಸರು. ಕಾಣಬಂದವರನ್ನು ‘ಯಜಮಾನರು ಲಂಡನ್ನಿನಲ್ಲಿದ್ದಾರೆ’ ಎಂದು, ಸುಳ್ಳಾಡದೆಯೇ, ಹಿಂದಕ್ಕೆ ಕಳುಹಿಸುತ್ತಿದ್ದರಂತೆ!

ಇಂಥದೊಂದು ಕೋಣೆಯನ್ನು ಬಯಸುವ ಇಂದಿನ ಇಂಗ್ಲಿಷ್ ಗೃಹಸ್ಥನು ಮೊದಲು ಕಾನೂನನ್ನು ಓದಬೇಕು. ನೆಲ ನಿನ್ನದಾದರೂ ಅದರ ಮೇಲೆ ಕಟ್ಟಲು ಸಮಾಜದ ಒಪ್ಪಿಗೆ ಬೇಕೆಂಬುದು 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಶಾಸನದ ತಿರುಳು. ಸಣ್ಣ ಕಟ್ಟಡಗಳಿಗೆ ಮಾತ್ರ ನಿಯಮಗಳು ಉದಾರವಾಗಿವೆ. ಒಂದೇ ಅಂತಸ್ತಿರಬೇಕು, ಮನೆಯ ಮುಖಕ್ಕಿಂತ ಮುಂದೆ ಬರಕೂಡದು, ಮೂಲ ಮನೆಯ ಸುತ್ತಣ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಟ್ಟಡಗಳು ಆಕ್ರಮಿಸಕೂಡದು. ಇಷ್ಟಾದರೆ ಸಾಮಾನ್ಯವಾಗಿ ಅರ್ಜಿಯೇ ಬೇಡ. ಎರಡು ಇಳಿಜಾರಿನ ಮಾಡಿಗೆ 4 ಮೀಟರು ಎತ್ತರ ಸಲ್ಲುತ್ತದೆ. ಎಲ್ಲೆಯಿಂದ 2 ಮೀಟರಿನೊಳಗೆ ಕಟ್ಟಿದರೆ 2.5 ಮೀಟರಿಗೇ ನಿಲ್ಲಬೇಕು. ಈ ಮಿತಿಯನ್ನು ಮೀರಿದರೆ, ಅಥವಾ ಮನೆಯು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದರೆ, ನಕ್ಷೆಯೊಡನೆ ಸ್ಥಳೀಯ ಕೌನ್ಸಿಲಿಗೆ ಅರ್ಜಿ ಹಾಕಬೇಕು. ಆಗ ನೆರೆಯವರೂ ತಮ್ಮ ಮಾತನ್ನು ಹೇಳಬಹುದು.

ಬರೆಯುವವನಿಗೆ ಏಕಾಂತ ಬೇಕು, ನಿಜ. ಆದರೆ ಅವನ ಗೋಡೆ ಏರಿದಷ್ಟೂ ಬೇಲಿಯಾಚೆಯ ಅಂಗಳದಲ್ಲಿ ನೆರಳು ಬೆಳೆಯುತ್ತದೆ. ಒಣ ಲೆಕ್ಕದಂತೆ ಕಾಣುವ ಆ ಎರಡೂವರೆ ಮೀಟರಿನ ಹಿಂದೆ ಇರುವುದು ಈ ಕಾಳಜಿಯೇ. ಷಾ ಅವರ ಕೋಣೆ ಬಿಸಿಲನ್ನು ಅರಸಿ ತಿರುಗಬಲ್ಲದಾಗಿತ್ತು. ನೆರೆಮನೆಯ ಕಿಟಕಿ ತಿರುಗಲಾರದು. ಅದರ ಪರವಾಗಿ ಯಾರಾದರೂ ಮಾತನಾಡಬೇಕಷ್ಟೆ.