ಎಕ್ಸ್‌ಟ್ರಾ ರೊಟ್ಟಿಗೆ ದುಡ್ಡು ಕೊಡೋಣ

ಬೆಂಗಳೂರಿನ ಉತ್ತರ ಕರ್ನಾಟಕ ಖಾನಾವಳಿಗಳ ರಿವ್ಯೂ ಓದಿದ್ದೀರಾ? ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲ ಹೊಗಳಿ ಆದ ಮೇಲೆ ಒಂದು ದೂರು ಖಾಯಂ ಇರುತ್ತೆ: "ಊಟಕ್ಕೆ ಎರಡೇ ರೊಟ್ಟಿ. ಎಕ್ಸ್‌ಟ್ರಾ ಕೇಳಿದ್ರೆ ದುಡ್ಡು." ನನ್ನ ಆಫೀಸಿನ ಗೆಳೆಯರದ್ದೂ ಇದೇ ಮಾತು. ಅನ್ನ, ಸಾಂಬಾರ್ ಎಷ್ಟು ಬೇಕಾದ್ರೂ ಹಾಕ್ತಾರೆ, ರೊಟ್ಟಿಗೆ ಮಾತ್ರ ಯಾಕೆ ಲೆಕ್ಕ ಅಂತ.

ನಮ್ಮೂರು ಗದಗ ತಾಲ್ಲೂಕಿನ ಕೋಟುಮಚಗಿ. ಎರೆಭೂಮಿ, ಹಿಂಗಾರಿ ಜೋಳ, ಕಡಲೆ ಬೆಳೆಯೋ ಸೀಮೆ. ಅಲ್ಲಿ ರೊಟ್ಟಿ ಎಣಿಸಿ ಬಡಿಸೋದು ಅಂದ್ರೆ ಮರ್ಯಾದೆ ಕಡಿಮೆ ಮಾಡಿದ ಹಾಗೆ. ಆದರೂ ಖಾನಾವಳಿಯವರು ಎಣಿಸಬೇಕು, ನಾವು ಕೊಡಬೇಕು ಅಂತ ನಾನು ವಾದ ಮಾಡ್ತೀನಿ. ಯಾಕೆ ಅಂತ ಹೇಳ್ತೀನಿ.

ಇಡ್ಲಿ ಬೇರೆ, ರೊಟ್ಟಿ ಬೇರೆ

ಹೊರಗಡೆ ಸಸ್ಯಾಹಾರಿ ಊಟ ಅಂದ್ರೆ ನಮಗೆ ಮೊದಲು ನೆನಪಾಗೋದು ಉಡುಪಿ ಹೋಟೆಲ್. ಇಡ್ಲಿ, ದೋಸೆ ಹೀಗೆ ಎಲ್ಲೆಡೆ ಹಬ್ಬೋದಕ್ಕೆ ರುಚಿ ಒಂದೇ ಕಾರಣ ಅಲ್ಲ. ಹಿಟ್ಟು ರಾತ್ರಿಯೇ ತಯಾರಾಗಿರುತ್ತೆ. ಒಂದು ಪಾತ್ರೆ ಇಟ್ಟರೆ ಡಜನ್‌ಗಟ್ಟಲೆ ಇಡ್ಲಿ ಒಟ್ಟಿಗೆ ಬೇಯುತ್ತೆ. 1943ರಲ್ಲಿ ಶುರುವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ನೋಡಿ, ದೊಡ್ಡ ಕಾವಲಿ ಮೇಲೆ ಸಾಲಾಗಿ ದೋಸೆ ಹುಯ್ದು, ಸರ್ವರ್ ಕೈ ಮೇಲೆ ತಟ್ಟೆ ಪೇರಿಸ್ಕೊಂಡು ಬರ್ತಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಬ್ಯಾಚ್ ಪ್ರೊಸೆಸಿಂಗ್.

ಜೋಳದ ರೊಟ್ಟಿ ಹಾಗಲ್ಲ. ಗೋಧಿಯಲ್ಲಿರೋ ಗ್ಲುಟನ್ ಜೋಳದಲ್ಲಿ ಇಲ್ಲ, ಅದಕ್ಕೇ ಹಿಟ್ಟಿಗೆ ಜಿಗುಟು ಬರಲ್ಲ. ಕುದಿಯೋ ನೀರು ಹಾಕಿ ಕಲಸಿದಾಗ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು, ಅದೇ ಅಂಟಿನ ಕೆಲಸ ಮಾಡುತ್ತೆ. ಚಪಾತಿ ಥರ ಎಳೆದು ಲಟ್ಟಿಸಿದ್ರೆ ಅಂಚು ಒಡೆಯುತ್ತೆ. ಕೈಯಲ್ಲಿ ತಿರುಗಿಸ್ತಾ ಬಡೀಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ತಿರುವಿ ಹಾಕಿ ಉಬ್ಬಿಸಬೇಕು. ಒಂದೊಂದೇ, ಬಿಸಿಬಿಸಿ, ನೀವು ಕೂತ ಮೇಲೆ.

ಹೋದ ಸಲ ಊರಿಗೆ ಹೋದಾಗ ನಮ್ಮ ಚಿಗವ್ವ ಬಡಿಯುವಾಗ ಫೋನಲ್ಲಿ ಸ್ಟಾಪ್‌ವಾಚ್ ಹಿಡಿದೆ. ಹಿಟ್ಟು ನಾದೋದರಿಂದ ಹಿಡಿದು ರೊಟ್ಟಿ ಬುಟ್ಟಿಗೆ ಬೀಳೋತನಕ ಸುಮಾರು 2 ನಿಮಿಷ. ಈಗ ಲೆಕ್ಕ ಹಾಕಿ: ಮಧ್ಯಾಹ್ನ 30 ಜನ ಬಂದು ಮೂರು ಮೂರು ರೊಟ್ಟಿ ತಿಂದರೆ 90 ರೊಟ್ಟಿ. ಅಂದ್ರೆ ಒಬ್ಬಳು ಹೆಣ್ಣುಮಗಳು ಮೂರು ತಾಸು ಒಲೆ ಮುಂದೆ.

ಎಣಿಕೆ ಶುರುವಾದ ಮೇಲೆ

ಚಿಗವ್ವ ಗದಗಿನ ಒಂದು ಖಾನಾವಳಿಯಲ್ಲಿ ಎಂಟು ವರ್ಷ ರೊಟ್ಟಿ ಬಡಿದವಳು. ಅವಳ ಮಾತಲ್ಲೇ ಕೇಳಿ: "ಪಲ್ಯ ಒಮ್ಮೆ ಮಾಡಿ ಇಟ್ರ ಮುಗೀತು ತಮ್ಮಾ. ರೊಟ್ಟಿ ಹಂಗಲ್ಲ, ಉಣ್ಣಾವ್ರು ಏಳೂತನಕ ಬಡಿಯೂದ."

ಮೊದಲಿಗೆ ಅಲ್ಲಿ ಎಷ್ಟು ಬೇಕಾದರೂ ರೊಟ್ಟಿ ಹಾಕ್ತಿದ್ರು. ಅವಳಿಗೆ ದಿನಗೂಲಿ. 80 ಬಡಿದರೂ ಅಷ್ಟೇ, ಸಂತೆ ದಿನ 150 ಬಡಿದರೂ ಅಷ್ಟೇ. ಗಿರಾಕಿಗೆ ಸಿಕ್ಕ 'ಫ್ರೀ' ರೊಟ್ಟಿ ಹೋಗ್ತಿದ್ದುದು ಅವಳ ರಟ್ಟೆಯಿಂದ. ಆಮೇಲೆ ಮಾಲೀಕರು ಊಟಕ್ಕೆ ಎರಡು ರೊಟ್ಟಿ, ಮೇಲಿನದಕ್ಕೆ ಬೇರೆ ರೇಟ್ ಅಂತ ಬೋರ್ಡ್ ಹಾಕಿದ್ರು. ಅವಳ ಕೂಲಿಯೂ ನೂರು ರೊಟ್ಟಿಗಿಷ್ಟು ಅಂತಾಯ್ತು. ಸಂತೆ ದಿನ ಕೈಗೆ ಹೆಚ್ಚು ದುಡ್ಡು ಬರೋಕೆ ಶುರುವಾಗಿದ್ದು ಆಗ.

ಎಲ್ಲ ಕಡೆ ಹೀಗೇ ಆಗುತ್ತೆ ಅಂತಲ್ಲ. ಎಕ್ಸ್‌ಟ್ರಾ ದುಡ್ಡು ಗಲ್ಲಾಪೆಟ್ಟಿಗೆಯಲ್ಲೇ ಉಳಿಯೋ ಜಾಗಗಳೂ ಇರ್ತವೆ. ಆದರೆ ಎಣಿಸದೇ ಇದ್ದರೆ ಕೂಲಿ ಹೆಚ್ಚು ಕೇಳೋಕೆ ಅವಳ ಹತ್ತಿರ ಲೆಕ್ಕವೇ ಇರಲ್ಲ.

ರೇಟ್ ಇಳಿಸಿದರೆ ಏನಾಗುತ್ತೆ?

ಇದಕ್ಕೆ ಬೆಂಗಳೂರಲ್ಲೇ ಒಂದು ಹಳೇ ಉದಾಹರಣೆ ಇದೆ. 1924ರಲ್ಲಿ ಶುರುವಾದ ಎಂಟಿಆರ್, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಅಭಾವ ಬಂದಾಗ ರವೆ ಇಡ್ಲಿ ಮಾಡಿ ಗೆದ್ದಿತ್ತು. ಅಂಥ ಹೋಟೆಲ್ಲೂ ತುರ್ತು ಪರಿಸ್ಥಿತಿ ಕಾಲದಲ್ಲಿ, ತಿಂಡಿಗೆ ಕಡಿಮೆ ದರವನ್ನು ಸರ್ಕಾರವೇ ಕಟ್ಟಿದಾಗ, ಗುಣಮಟ್ಟ ಇಳಿಸೋ ಬದಲು ಬಾಗಿಲು ಮುಚ್ಚಿತು. ರೆಡಿ ಮಿಕ್ಸ್ ವ್ಯಾಪಾರಕ್ಕೆ ಹೊರಳಿತು. ಹೋಟೆಲ್ ಮತ್ತೆ ತೆರೆದದ್ದು ಆಮೇಲೆ.

ಖಾನಾವಳಿಗೆ ಅಂಥ ದಾರಿ ಕಡಿಮೆ. ರೇಟ್ ಏರಿಸೋಕೆ ಆಗದಿದ್ದಾಗ ಅವರು ಚಪಾತಿಗೆ ತಿರುಗ್ತಾರೆ, ಇಲ್ಲವೇ ಪ್ಯಾಕೆಟ್ಟಿನ ಖಡಕ್ ರೊಟ್ಟಿ ತಂದಿಡ್ತಾರೆ. ಖಡಕ್ ರೊಟ್ಟಿ ಕೆಟ್ಟದ್ದೇನಲ್ಲ, ಪ್ರವಾಸಕ್ಕೆ ಅದೇ ಬೇಕು. ಆದರೆ ಹಂಚಿನಿಂದ ನೇರ ತಟ್ಟೆಗೆ ಬಂದ ರೊಟ್ಟಿಗೆ ಅದು ಸಾಟಿ ಅಲ್ಲ.

ಚಿಗವ್ವನ ಮಗಳು ಈಗ ನರ್ಸಿಂಗ್ ಓದ್ತಿದ್ದಾಳೆ. ರೊಟ್ಟಿ ಬಡಿಯೋದು ಅವಳಿಗೆ ಚೆನ್ನಾಗೇ ಬರುತ್ತೆ, ಖಾನಾವಳಿಗೆ ಮಾತ್ರ ಹೋಗಲ್ಲ. ಹೋಗಲಿ ಅಂತ ನಾವ್ಯಾರೂ ಬಯಸೋದೂ ಇಲ್ಲ. ಹಾಗಾದ್ರೆ ಮುಂದೆ ಬಡಿಯೋರು ಯಾರು? ಒಳ್ಳೇ ಕೂಲಿ ಸಿಕ್ಕರೆ ಯಾರಾದ್ರೂ ಬರ್ತಾರೆ. ಸಿಗದಿದ್ರೆ ಮಷಿನ್ ಬರುತ್ತೆ.

ಗದಗ ಕಡೆ ಬಂದ್ರೆ

ವೀರನಾರಾಯಣ ಗುಡಿ, ತ್ರಿಕೂಟೇಶ್ವರ, ಲಕ್ಕುಂಡಿ ನೋಡೋಕೆ ಬರೋರಿಗೆ ಒಂದೆರಡು ಮಾತು:

- ಬೋರ್ಡ್ ಓದಿ. 'ಲಿಂಗಾಯತ ಖಾನಾವಳಿ' ಅಂತಿದ್ರೆ ಸಸ್ಯಾಹಾರ. 'ಸಾವಜಿ' ಅಂತಿದ್ರೆ ಮಾಂಸದೂಟ.
- ಒಳಗೆ ಹೋಗಿ ಮೊದಲು ಕೇಳಿ: "ಬಿಸಿ ರೊಟ್ಟಿ ಅದಾವೇನ್ರಿ?" ಇದ್ರೆ ಐದು ನಿಮಿಷ ಕಾಯಿರಿ.
- ಒಂದೊಂದೇ ಹಾಕಿಸಿಕೊಳ್ಳಿ. ತಟ್ಟೆಯಲ್ಲಿ ಬಿಟ್ಟ ಅರ್ಧ ರೊಟ್ಟಿ ಯಾರದೋ ಒಂದು ನಿಮಿಷದ ದುಡಿಮೆ.
- ಝುಣಕ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ ಬಿಡಬೇಡಿ. ರಂಜಕ ಖಾರ ಅನ್ನಿಸಿದ್ರೆ ಮೊಸರು ಕಲಸಿ.
- ರಿವ್ಯೂ ಬರೆಯುವಾಗ ರೊಟ್ಟಿ ಬಗ್ಗೆಯೂ ಒಂದು ಸಾಲು ಇರಲಿ. ಬಿಲ್ಲಿನಲ್ಲಿ ಎಕ್ಸ್‌ಟ್ರಾ ರೊಟ್ಟಿ ಅಂತ ಕಂಡರೆ ಸ್ಟಾರ್ ಕಡಿಮೆ ಮಾಡಬೇಡಿ.

ನಿಮ್ಮೂರಲ್ಲಿ ಈಗಲೂ ಕೈಯಲ್ಲೇ ರೊಟ್ಟಿ ಬಡಿಯೋ ಖಾನಾವಳಿ ಇದೆಯಾ? ಹೆಸರು, ಊರು ಬರೆದು ತಿಳಿಸಿ. ಮುಂದಿನ ಸಲ ಆ ಕಡೆ ಬಂದಾಗ ಮೂರನೇ ರೊಟ್ಟಿಗೆ ದುಡ್ಡು ಕೊಟ್ಟೇ ಉಣ್ತೀನಿ.