ಕಾಶಿಯ ಕಲಾ ಖಜಾನೆ: ಕೂಡಿಟ್ಟದ್ದನ್ನು ಊರಿಗೇ ಕೊಟ್ಟ ರಾಯ್ ಕೃಷ್ಣದಾಸ್ ಯಾರು?

ವಾರಾಣಸಿ: ಹಣವಿದ್ದವರು ಕಲಾಕೃತಿಗಳನ್ನು ಕೊಂಡು ಕೂಡಿಡುವುದು ಹೊಸದೇನಲ್ಲ. ಇರಾಕ್‌ನ ತೈಲದಲ್ಲಿ ಶೇ 5ರಷ್ಟು ಪಾಲು ಪಡೆದು ಭಾರಿ ಶ್ರೀಮಂತರಾದ ಕಲೌಸ್ತ್ ಗುಲ್ಬೆಂಕಿಯನ್ 6 ಸಾವಿರಕ್ಕೂ ಹೆಚ್ಚು ಕಲಾಕೃತಿಗಳನ್ನು ಸಂಗ್ರಹಿಸಿದ್ದರು. ಆ ಸಂಗ್ರಹಕ್ಕೆ ಲಿಸ್ಬನ್‌ನಲ್ಲಿ ಶಾಶ್ವತ ವಸ್ತುಸಂಗ್ರಹಾಲಯ ತೆರೆದದ್ದು 1969ರಲ್ಲಿ, ಅವರು ತೀರಿಕೊಂಡು 14 ವರ್ಷಗಳ ಬಳಿಕ. ಕಾಶಿಯ ರಾಯ್ ಕೃಷ್ಣದಾಸ್ ಅಷ್ಟು ಕಾಯಲಿಲ್ಲ. ವಯಸ್ಸು 30 ತುಂಬುವ ಮೊದಲೇ ಅವರು ಕಲೆಗಾಗಿ ಒಂದು ಸಾರ್ವಜನಿಕ ಸಂಸ್ಥೆ ಕಟ್ಟಿದರು.

ಸಿರಿವಂತರ ಮನೆಯ ಹುಡುಗ

ಕೃಷ್ಣದಾಸ್ 1892ರಲ್ಲಿ ಕಾಶಿಯ ಪ್ರತಿಷ್ಠಿತ, ಶ್ರೀಮಂತ ಮನೆತನದಲ್ಲಿ ಜನಿಸಿದರು. ಆಧುನಿಕ ಹಿಂದಿ ಸಾಹಿತ್ಯದ ಹರಿಕಾರ ಭಾರತೇಂದು ಹರಿಶ್ಚಂದ್ರ ಈ ಮನೆತನಕ್ಕೆ ಹತ್ತಿರದ ಸಂಬಂಧಿ. ಕೃಷ್ಣದಾಸ್ ಸ್ವತಃ ಹಿಂದಿ ಲೇಖಕರು. ಭಾರತೀಯ ಚಿತ್ರಕಲೆ, ಮೂರ್ತಿಕಲೆ ಬಗ್ಗೆ ಹಿಂದಿಯಲ್ಲೇ ಪುಸ್ತಕ ಬರೆದು ಸಾಮಾನ್ಯ ಓದುಗರಿಗೂ ಈ ವಿಷಯ ತಲುಪಿಸಿದರು.

ಕಾಶಿಯ ಕೈತಪ್ಪಿದ ಸಂಗ್ರಹ

ಮೊಘಲ್, ರಾಜಸ್ಥಾನಿ, ಪಹಾಡಿ ಶೈಲಿಯ ಕಿರುಚಿತ್ರಗಳು ಆಗ ಹಳೆಯ ಮನೆತನಗಳ ಪೆಟ್ಟಿಗೆಗಳಿಂದ ಹೊರಬಂದು ಮಾರಾಟವಾಗುತ್ತಿದ್ದ ಕಾಲ. ಕಾಶಿಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕಟ್ಟಿದರೆ ತಮ್ಮ ಸಂಗ್ರಹವನ್ನು ಕೊಡುವುದಾಗಿ ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ ಹೇಳಿದ್ದರು. ಯಾರೂ ಮುಂದೆ ಬರಲಿಲ್ಲ. 1917ರಲ್ಲಿ ಅವರು ಅಮೆರಿಕದ ಬೋಸ್ಟನ್ ವಸ್ತುಸಂಗ್ರಹಾಲಯ ಸೇರಿದರು. ಆ ಸಂಗ್ರಹವೂ ಅಲ್ಲಿಗೇ ಹೋಯಿತು.

ಇದಾದ ಮೂರೇ ವರ್ಷಕ್ಕೆ, 1920ರ ಜನವರಿ 1ರಂದು, ಕೃಷ್ಣದಾಸ್ ಕಾಶಿಯಲ್ಲಿ 'ಭಾರತೀಯ ಕಲಾ ಪರಿಷತ್' ಆರಂಭಿಸಿದರು. ರವೀಂದ್ರನಾಥ ಟ್ಯಾಗೋರ್ ಅದರ ಮೊದಲ ಅಧ್ಯಕ್ಷರು. ಕೃಷ್ಣದಾಸ್ ತಮ್ಮ ಸಂಗ್ರಹವನ್ನು ಅದಕ್ಕೇ ಒಪ್ಪಿಸಿದರು.

ನೆಲೆ ಸಿಕ್ಕಿದ್ದು 1950ರಲ್ಲಿ

ಕೃತಿಗಳೇನೋ ಬಂದವು, ಆದರೆ ಇಡಲು ಸ್ವಂತ ಕಟ್ಟಡ ಇರಲಿಲ್ಲ. ಕೆಲಕಾಲ ನಾಗರೀ ಪ್ರಚಾರಿಣೀ ಸಭಾ ಆಶ್ರಯ ಕೊಟ್ಟಿತು. 1950ರಲ್ಲಿ ಇಡೀ ಸಂಗ್ರಹ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಸೇರಿತು. ಅದೇ ವರ್ಷ ಪ್ರಧಾನಿ ನೆಹರೂ ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದರು. 1962ರಲ್ಲಿ 'ಭಾರತ ಕಲಾ ಭವನ' ಈಗಿನ ಕಟ್ಟಡಕ್ಕೆ ಬಂತು.

ಖಾಸಗಿ ಸಂಗ್ರಹಗಳು ಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ಪಾಲಾಗಿ ಚದುರುವುದೇ ಹೆಚ್ಚು. ಒಬ್ಬರ ಆಸ್ತಿಯಾಗಿ ಉಳಿಯದೆ ಸಂಸ್ಥೆಯ ಸೊತ್ತಾದ್ದರಿಂದ ಈ ಸಂಗ್ರಹ ಒಂದೆಡೆ ಉಳಿಯಿತು, ಬೆಳೆಯಿತು ಕೂಡ. ಕಾಶಿಯಲ್ಲಿ ನೆಲೆಸಿದ್ದ ಸ್ವಿಸ್ ಕಲಾವಿದೆ ಆಲಿಸ್ ಬೋನರ್, ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ ಹೆಸರಿನ ವಿಭಾಗಗಳೂ ಇಲ್ಲಿವೆ.

ಏನೇನಿದೆ?

ಸುಮಾರು 12 ಸಾವಿರ ಕಿರುಚಿತ್ರಗಳು ಸೇರಿ ಒಂದು ಲಕ್ಷಕ್ಕೂ ಹೆಚ್ಚು ವಸ್ತುಗಳು ಇಲ್ಲಿವೆ. ನಾಣ್ಯ, ಹಸ್ತಪ್ರತಿ, ಬನಾರಸಿ ಜರಿ ಬಟ್ಟೆಗಳ ಜೊತೆ ಗುಪ್ತರ ಕಾಲದ ಗೋವರ್ಧನಧಾರಿ ಕೃಷ್ಣನ ಶಿಲ್ಪ ಮುಖ್ಯ ಆಕರ್ಷಣೆ.

ಕೃಷ್ಣದಾಸ್ ಅವರಿಗೆ 1980ರಲ್ಲಿ ಪದ್ಮವಿಭೂಷಣ ಸಂದಿತು. ಅದೇ ವರ್ಷ ಅವರು ನಿಧನರಾದರು.

ಕಾಶಿಯಾತ್ರೆಗೆ ಹೋಗುವ ಕನ್ನಡಿಗರಲ್ಲಿ ಅನೇಕರು ವಿಶ್ವವಿದ್ಯಾಲಯದ ಆವರಣದಲ್ಲಿರುವ ಹೊಸ ವಿಶ್ವನಾಥ ಮಂದಿರಕ್ಕೆ ಭೇಟಿ ಕೊಡುತ್ತಾರೆ. ಭಾರತ ಕಲಾ ಭವನ ಇರುವುದೂ ಅದೇ ಆವರಣದಲ್ಲಿ. ದರ್ಶನದ ಬಳಿಕ ಒಂದೆರಡು ಗಂಟೆ ಬಿಡುವು ಮಾಡಿಕೊಂಡರೆ ಇದನ್ನೂ ನೋಡಿ ಬರಬಹುದು.